ಬಾಯಿ ಕಟ್ಟಿದರೆ ತೂಕ ಇಳಿಯುವುದು ಹೇಗೆ, ನಡುವೆ ನಿಂತುಬಿಡುವುದು ಏಕೆ

ಗೆಳೆಯನೊಬ್ಬ ಫೋನ್ ಮಾಡಿದ್ದ. ಊಟ ಬದಲಿಸಿದ ಮೊದಲ ವಾರದಲ್ಲೇ 2.5 ಕೆಜಿ ಇಳಿದಿತ್ತು, ಖುಷಿಯೋ ಖುಷಿ. ಎರಡನೇ ವಾರ ಅರ್ಧ ಕೆಜಿ. ಮೂರನೇ ವಾರ ಬೆಳಗ್ಗೆ ಎದ್ದು ತೂಕದ ಯಂತ್ರ ಹತ್ತಿದರೆ 300 ಗ್ರಾಂ ಜಾಸ್ತಿಯೇ ತೋರಿಸಿತಂತೆ. “ಅದೇ ಊಟ, ಅದೇ ಅಳತೆ, ಸಕ್ಕರೆ ಮುಟ್ಟಿಲ್ಲ. ಇದೆಲ್ಲ ಸುಳ್ಳು ಮಾರಾಯ” ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಯಂತ್ರವೂ ಕೆಟ್ಟಿರಲಿಲ್ಲ.

ತೂಕದ ಮಾತು ಈಗ ಎಲ್ಲೆಲ್ಲೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನ ಪ್ರತಿ 8 ಜನರಲ್ಲಿ ಒಬ್ಬರಿಗೆ ಬೊಜ್ಜಿತ್ತು. ವಾರಕ್ಕೊಮ್ಮೆ ಚುಚ್ಚಿಕೊಂಡರೆ ತೂಕ ಇಳಿಸುವ ಔಷಧಗಳು ಬಂದ ಮೇಲಂತೂ ಹಳೆಯ ಪ್ರಶ್ನೆ ಮತ್ತೆ ಎದ್ದಿದೆ: ಊಟ ಬದಲಾಯಿಸುವುದರಿಂದ ನಿಜವಾಗಿ ಏನಾಗುತ್ತದೆ? ಕಡಿಮೆ ತಿನ್ನಬೇಕೋ, ಬೇರೆ ತಿನ್ನಬೇಕೋ, ಬೇರೆ ಹೊತ್ತಿಗೆ ತಿನ್ನಬೇಕೋ? ಗೆಳೆಯನ ಆ 300 ಗ್ರಾಂ ಎಲ್ಲಿಂದ ಬಂತು ಎಂಬುದಕ್ಕೂ ಈ ಪ್ರಶ್ನೆಗಳಿಗೂ ನಂಟಿದೆ. ಬುಡದಿಂದಲೇ ನೋಡೋಣ.

## ಕ್ಯಾಲೊರಿ ಎಂದರೆ ಏನು

ಕ್ಯಾಲೊರಿ ಪದಾರ್ಥವಲ್ಲ, ಅಳತೆ. ಬಟ್ಟೆಗೆ ಮೀಟರ್, ಹಾಲಿಗೆ ಲೀಟರ್ ಇದ್ದಂತೆ ಶಕ್ತಿಗೆ ಕ್ಯಾಲೊರಿ. 1 ಕೆಜಿ ನೀರನ್ನು 1 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಬೇಕಾಗುವ ಶಾಖವೇ ಊಟದ ಮಾತಿನಲ್ಲಿ ಬರುವ ಒಂದು ಕ್ಯಾಲೊರಿ. ವಿಜ್ಞಾನದ ಪುಸ್ತಕಗಳು ಇದನ್ನು ಕಿಲೊಕ್ಯಾಲೊರಿ ಎನ್ನುತ್ತವೆ. ಮಾತಿನಲ್ಲಿ ಮುಂದಿನ ‘ಕಿಲೊ’ ಉದುರಿಹೋಗಿದೆ, ಅಷ್ಟೇ.

ಊಟವನ್ನು ಶಾಖದಲ್ಲಿ ಅಳೆಯುವುದು ವಿಚಿತ್ರ ಅನ್ನಿಸಬಹುದು. 1780ರ ದಶಕದಲ್ಲಿ ಫ್ರಾನ್ಸಿನ ಆಂಟೊನ್ ಲಾವೋಸಿಯೆ ಮತ್ತು ಪಿಯೆರ್ ಸಿಮೊನ್ ಲಾಪ್ಲಾಸ್ ಒಂದು ಗಿನಿಪಿಗ್ ಅನ್ನು ಸುತ್ತಲೂ ಮಂಜುಗಡ್ಡೆ ತುಂಬಿದ ಪೆಟ್ಟಿಗೆಯೊಳಗೆ ಕೂರಿಸಿ, ಅದರ ಮೈಬಿಸಿಗೆ ಎಷ್ಟು ಮಂಜು ಕರಗುತ್ತದೆ ಎಂದು ನೋಡಿದರು. ಉಸಿರಾಟ ಎಂಬುದು ಜ್ವಾಲೆಯಿಲ್ಲದ, ನಿಧಾನದ ಉರಿ ಎನ್ನುವ ತಿಳಿವಳಿಕೆಗೆ ಇದು ದಾರಿಯಾಯಿತು. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲ್ಬರ್ ಆಟ್‌ವಾಟರ್ ಯಾವ ಆಹಾರದಲ್ಲಿ ಎಷ್ಟು ಶಕ್ತಿಯಿದೆ ಎಂದು ಒಂದೊಂದಾಗಿ ಅಳೆದರು. ಅವರ ಲೆಕ್ಕ ಇಂದಿಗೂ ನಡೆಯುತ್ತಿದೆ: 1 ಗ್ರಾಂ ಪಿಷ್ಟ ಅಥವಾ ಸಕ್ಕರೆಯಲ್ಲಿ 4 ಕ್ಯಾಲೊರಿ, 1 ಗ್ರಾಂ ಪ್ರೋಟೀನಿನಲ್ಲಿ 4, 1 ಗ್ರಾಂ ಕೊಬ್ಬಿನಲ್ಲಿ 9. ಮದ್ಯದಲ್ಲಿ 7. ಕೊನೆಯದು ಬಹಳ ಜನರ ಲೆಕ್ಕದ ಪುಸ್ತಕಕ್ಕೆ ಬರುವುದೇ ಇಲ್ಲ.

## ಸುಮ್ಮನೆ ಮಲಗಿದ್ದರೂ ನಡೆಯುವ ಖರ್ಚು

ದೇಹದ ಖರ್ಚು ಎಂದ ಕೂಡಲೇ ನಮಗೆ ಓಟ, ಜಿಮ್, ಬೆವರು ನೆನಪಾಗುತ್ತವೆ. ಆದರೆ ದಿನದ ಖರ್ಚಿನಲ್ಲಿ ಹೆಚ್ಚಿನ ಪಾಲು, ಬಹುತೇಕರಲ್ಲಿ ಶೇ 60ರಿಂದ 70ರಷ್ಟು, ಬರೀ ಬದುಕಿರುವುದಕ್ಕೆ ಹೋಗುತ್ತದೆ. ಹೃದಯ ಬಡಿಯಬೇಕು, ಮೂತ್ರಪಿಂಡ ಸೋಸಬೇಕು, ಮಿದುಳು ಎಚ್ಚರವಿರಬೇಕು, ಮೈ ಬೆಚ್ಚಗಿರಬೇಕು. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಫ್ರಿಜ್ ಓಡುತ್ತಿರುತ್ತದಲ್ಲ, ಹಾಗೆ. ಇದಕ್ಕೆ ಮೂಲ ಚಯಾಪಚಯ ಎಂದು ಹೆಸರು. ಡಾಕ್ಟರುಗಳ ಬಾಯಲ್ಲಿ ಬಿಎಂಆರ್.

ಇದನ್ನು ಅಂದಾಜು ಮಾಡಲು 1990ರಿಂದ ಬಳಕೆಯಲ್ಲಿರುವ ಒಂದು ಸೂತ್ರವಿದೆ. ಅದರ ಪ್ರಕಾರ 80 ಕೆಜಿ ತೂಕ, 170 ಸೆಂ.ಮೀ. ಎತ್ತರದ, 40 ವರ್ಷದ ಗಂಡಸಿನ ಬಿಎಂಆರ್ ದಿನಕ್ಕೆ ಸುಮಾರು 1,670 ಕ್ಯಾಲೊರಿ. ಓಡಾಟ ಹೆಚ್ಚಿಲ್ಲದ ಕೆಲಸವಾದರೆ ಅದೂ ಇದೂ ಸೇರಿ ಒಟ್ಟು ಖರ್ಚು 2,300ರ ಆಸುಪಾಸು. ಈ ಅಂಕಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅಂದಹಾಗೆ, “ಮೂವತ್ತು ದಾಟಿದ ಮೇಲೆ ಮೆಟಬಾಲಿಸಂ ಬಿದ್ದುಹೋಯಿತು” ಎನ್ನುವ ಮಾತಿಗೆ ಆಧಾರ ಕಡಿಮೆ. 29 ದೇಶಗಳ 6,400ಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 20ರಿಂದ 60ರ ವಯಸ್ಸಿನವರೆಗೆ ಶಕ್ತಿಯ ಖರ್ಚು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದು ಕಂಡಿತು. ನಡುವಯಸ್ಸಿನಲ್ಲಿ ಹೊಟ್ಟೆ ಬರುವುದಕ್ಕೆ ಕಾರಣ ಬೇರೆ ಕಡೆ ಹುಡುಕಬೇಕು.

ಬಂದದ್ದು ಖರ್ಚಿಗಿಂತ ಹೆಚ್ಚಾದರೆ ದೇಹ ಉಳಿದದ್ದನ್ನು ಕೊಬ್ಬಾಗಿ ಜಮಾ ಮಾಡುತ್ತದೆ. ಕಡಿಮೆಯಾದರೆ ಜಮೆಯಿಂದ ತೆಗೆಯುತ್ತದೆ. ಮೈಯ ಕೊಬ್ಬಿನ 1 ಕೆಜಿಯಲ್ಲಿ ಸುಮಾರು 7,700 ಕ್ಯಾಲೊರಿ ಇದೆ. ದಿನಕ್ಕೆ 500 ಕಡಿಮೆ ತಿಂದರೆ ವಾರಕ್ಕೆ 3,500. ಅಂದರೆ ಅರ್ಧ ಕೆಜಿಗೂ ಚೂರು ಕಡಿಮೆ ಕೊಬ್ಬು. ಊಟದ ಯಾವ ಬದಲಾವಣೆಯೇ ಇರಲಿ, ಕೊಬ್ಬು ಇಳಿಸಬೇಕಾದರೆ ಈ ಕೊರತೆಯ ಬಾಗಿಲಿನ ಮೂಲಕವೇ ಹಾದುಹೋಗಬೇಕು. ಬೇರೆ ಬಾಗಿಲಿಲ್ಲ.

## ಮೊದಲ ವಾರದ ಆ 2.5 ಕೆಜಿ

ಹಾಗಿದ್ದರೆ ಗೆಳೆಯನಿಗೆ ಮೊದಲ ವಾರವೇ 2.5 ಕೆಜಿ ಇಳಿದದ್ದು ಹೇಗೆ? ಅದರಲ್ಲಿ ಬಹುಪಾಲು ನೀರು.

ನಾವು ತಿಂದ ಪಿಷ್ಟದ ಒಂದು ಪಾಲನ್ನು ದೇಹ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೊಜೆನ್ ಎಂಬ ರೂಪದಲ್ಲಿ ಕೈಗೆ ಸಿಗುವಂತೆ ಇಟ್ಟುಕೊಂಡಿರುತ್ತದೆ. ಕೊಬ್ಬು ಬ್ಯಾಂಕಿನ ಠೇವಣಿಯಾದರೆ ಇದು ಜೇಬಿನ ಚಿಲ್ಲರೆ. ವಯಸ್ಕರಲ್ಲಿ ಒಟ್ಟು ಸುಮಾರು 500 ಗ್ರಾಂ ಇರುತ್ತದೆ. ಪ್ರತಿ ಗ್ರಾಂ ಗ್ಲೈಕೊಜೆನ್ 3 ಗ್ರಾಂನಷ್ಟಾದರೂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಕಡಿಮೆಯಾದಾಗ ದೇಹ ಮೊದಲು ಜೇಬಿಗೆ ಕೈ ಹಾಕುತ್ತದೆ. ಗ್ಲೈಕೊಜೆನ್ ಖಾಲಿಯಾಗುತ್ತಿದ್ದಂತೆ ಅದು ಹಿಡಿದಿದ್ದ ನೀರು ಮೂತ್ರದಲ್ಲಿ ಹೊರಟುಹೋಗುತ್ತದೆ. ಅನ್ನ, ಬ್ರೆಡ್, ಸಿಹಿ ಬಿಟ್ಟವರಿಗೆ ಮೊದಲ ವಾರ ತೂಕ ಸರ್ರನೆ ಇಳಿಯುವ ಗುಟ್ಟು ಇದು. “7 ದಿನದಲ್ಲಿ 3 ಕೆಜಿ” ಎನ್ನುವ ಜಾಹೀರಾತು ಬದುಕಿರುವುದೂ ಇದೇ ನೀರಿನ ಮೇಲೆ.

ಇದು ಉಲ್ಟಾ ಕೂಡ ನಡೆಯುತ್ತದೆ. ಒಂದು ರಾತ್ರಿ ಹೊಟ್ಟೆ ತುಂಬಾ ಪಿಷ್ಟ, ಮೇಲೆ ಉಪ್ಪು ಖಾರದ ತಿಂಡಿ ತಿಂದರೆ ಬೆಳಗ್ಗೆ 1 ಕೆಜಿ ಏರಿರುತ್ತದೆ. ಅಷ್ಟು ಕೊಬ್ಬು ಬೆಳೆಯಬೇಕಾದರೆ ಆ ರಾತ್ರಿ ಮಾಮೂಲಿನ ಮೇಲೆ ಇನ್ನೂ 7,700 ಕ್ಯಾಲೊರಿ ತಿಂದಿರಬೇಕು. ಯಾರಿಂದಲೂ ಆಗುವ ಕೆಲಸವಲ್ಲ. ಬಂದದ್ದು ನೀರು. ಹೆಂಗಸರಲ್ಲಿ ಮುಟ್ಟಿನ ದಿನಗಳ ಸುತ್ತಮುತ್ತ ಈ ಏರಿಳಿತ ಇನ್ನೂ ಹೆಚ್ಚು. ಗೆಳೆಯನ 300 ಗ್ರಾಂ ಈ ಏರಿಳಿತದೊಳಗೆ ಎಲ್ಲೋ ಕರಗಿಹೋಗುವಷ್ಟು ಚಿಕ್ಕದು. ದಿನದ ತೂಕಕ್ಕೆ ಅರ್ಥವಿಲ್ಲ, ನಾಲ್ಕಾರು ವಾರಗಳ ಸರಾಸರಿಗೆ ಇದೆ.

## ಕರಗಿದ ಕೊಬ್ಬು ಹೋಗುವುದೆಲ್ಲಿಗೆ

ಇಟಲಿಯ ವೈದ್ಯ ಸ್ಯಾಂಟೋರಿಯೊ ತಕ್ಕಡಿಗೆ ಕುರ್ಚಿ ತೂಗುಹಾಕಿಕೊಂಡು, ತಿಂದದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ಸುಮಾರು 30 ವರ್ಷ ತೂಗಿದ ಮನುಷ್ಯ. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ತಾಳೆಯಾಗಲಿಲ್ಲ. ಉಳಿದದ್ದು ಕಣ್ಣಿಗೆ ಕಾಣದ ಬೆವರಾಗಿ ಆವಿಯಾಗುತ್ತದೆ ಎಂದು 1614ರಲ್ಲಿ ಬರೆದ. ಅರ್ಧ ಸರಿ.

ಪೂರ್ತಿ ಉತ್ತರ ಉಸಿರಿನಲ್ಲಿದೆ. 10 ಕೆಜಿ ಕೊಬ್ಬು ದೇಹದಲ್ಲಿ ಉರಿದರೆ 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದ ಹೊರಟುಹೋಗುತ್ತದೆ, 1.6 ಕೆಜಿ ನೀರಾಗುತ್ತದೆ ಎಂದು ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು 2014ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಕೊಬ್ಬು ಬೆವರಾಗಿ ಸುರಿಯುವುದಿಲ್ಲ. ಬೆವರಿಸುವ ಬೆಲ್ಟ್ ಕಟ್ಟಿಕೊಂಡವರು ಕಳೆದುಕೊಳ್ಳುವುದು ನೀರನ್ನು, ಒಂದು ಚೊಂಬು ಕುಡಿದರೆ ವಾಪಸ್. ಹಾಗೆಂದು ಜೋರಾಗಿ ಉಸಿರಾಡಿದರೆ ಸಣ್ಣಗಾಗುವುದಿಲ್ಲ, ತಲೆ ಸುತ್ತುತ್ತದೆ ಅಷ್ಟೇ. ಒಳಗೆ ಉರಿಯದೆ ಹೊಗೆ ಬರುವುದಿಲ್ಲ.

## ಲೆಕ್ಕ ಸರಳ, ಹಸಿವು ಸರಳವಲ್ಲ

ಇಷ್ಟೇ ಆಗಿದ್ದರೆ “ಕಡಿಮೆ ತಿನ್ನಿ” ಎಂಬ ಎರಡು ಪದಗಳಿಗೆ ಈ ಲೇಖನ ಮುಗಿಯುತ್ತಿತ್ತು. ಆದರೆ ಕಡಿಮೆ ತಿನ್ನಬೇಕಾದವನಿಗೆ ಹಸಿವಾಗುತ್ತದೆ. ಹಸಿವಿನ ಜೊತೆ ಒಂದು ದಿನ ಜಗಳವಾಡಬಹುದು, ಒಂದು ತಿಂಗಳು ಆಡಬಹುದು, ವರ್ಷಗಟ್ಟಲೆ ಆಗುವುದಿಲ್ಲ. ಊಟದ ಅಭ್ಯಾಸ ಬದಲಿಸುವುದರ ನಿಜವಾದ ಪ್ರಯೋಜನ ಇರುವುದು ಇಲ್ಲಿ: ಯಾವುದನ್ನು ತಿಂದರೆ ಕಡಿಮೆ ಕ್ಯಾಲೊರಿಗೇ ಹೊಟ್ಟೆ ತುಂಬುತ್ತದೆ ಎಂಬಲ್ಲಿ.

ಹೊಟ್ಟೆಗೆ ಕ್ಯಾಲೊರಿ ಎಣಿಸಲು ಬರುವುದಿಲ್ಲ. ಜಠರ ಎಷ್ಟು ಹಿಗ್ಗಿದೆ ಎಂಬ ಸುದ್ದಿ ನರಗಳ ಮೂಲಕ ಮಿದುಳಿಗೆ ಹೋಗುತ್ತದೆ. ಕರುಳು ಆಹಾರದ ರುಚಿ ನೋಡಿ “ಸಾಕು” ಎನ್ನುವ ಹಾರ್ಮೋನುಗಳನ್ನು ಕಳಿಸುತ್ತದೆ. ಖಾಲಿ ಜಠರ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಕಳಿಸುತ್ತದೆ. ಜಪಾನಿನ ವಿಜ್ಞಾನಿಗಳು ಇದನ್ನು ಪತ್ತೆ ಮಾಡಿದ್ದು 1999ರಲ್ಲಿ. ಕೊಬ್ಬಿನ ಕೋಶಗಳೇ ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ “ಠೇವಣಿ ಇಷ್ಟಿದೆ” ಎಂದು ಮಿದುಳಿಗೆ ವರದಿ ಒಪ್ಪಿಸುತ್ತವೆ. ಅದು ತಿಳಿದದ್ದು 1994ರಲ್ಲಿ. ಈ ಸುದ್ದಿಗಳೆಲ್ಲ ತಲುಪಲು ಹೊತ್ತು ಬೇಕು, ಸುಮಾರು 20 ನಿಮಿಷ. ಐದೇ ನಿಮಿಷದಲ್ಲಿ ತಟ್ಟೆ ಖಾಲಿ ಮಾಡುವವರು ಸುದ್ದಿ ಬರುವ ಮುಂಚೆಯೇ ಎರಡನೇ ಸಲ ಬಡಿಸಿಕೊಂಡಿರುತ್ತಾರೆ.

ಈಗ ಒಂದು ಚಮಚ ಎಣ್ಣೆಯನ್ನು ಹತ್ತಿರದಿಂದ ನೋಡೋಣ. ಒಮ್ಮೆ ಕುತೂಹಲಕ್ಕೆ ಅಡುಗೆಮನೆಯ ಪುಟ್ಟ ತಕ್ಕಡಿಯ ಮೇಲೆ ಬಾಣಲೆ ಇಟ್ಟು, ಮುಳ್ಳು ಸೊನ್ನೆಗೆ ತಂದು, “ಒಂದು ದೊಡ್ಡ ಚಮಚ” ಎಂದುಕೊಂಡು ದಿನವೂ ಸುರಿಯುವಂತೆ ಬಾಟಲಿಯಿಂದ ನೇರವಾಗಿ ಸುರಿದೆ. ಬಾಣಲೆಯ ತಳದಲ್ಲಿ ಅಂಗೈ ಅಗಲಕ್ಕೆ ಹರಡಿತು, ನೋಡಲು ಏನೂ ಅಲ್ಲ. ತಕ್ಕಡಿ 31 ಗ್ರಾಂ ಎಂದಿತು. ನಿಜವಾದ ದೊಡ್ಡ ಚಮಚದಲ್ಲಿ ಹಿಡಿಯುವುದು 14 ಗ್ರಾಂ, 120 ಕ್ಯಾಲೊರಿಯ ಹತ್ತಿರ. ನನ್ನ ಕಣ್ಣಳತೆಯಲ್ಲಿ 280 ಆಗಿತ್ತು. ನಾನು ಸೋಮಾರಿಯೂ ಅಲ್ಲ, ಹೊಟ್ಟೆಬಾಕನೂ ಅಲ್ಲ. ಕಣ್ಣು ಮೋಸ ಮಾಡಿತು. ಆ ಒಂದು ನಿಜವಾದ ಚಮಚದ 120 ಕ್ಯಾಲೊರಿಯನ್ನು ಸೌತೆಕಾಯಿಯಲ್ಲಿ ತಿನ್ನಬೇಕಾದರೆ ಸುಮಾರು 800 ಗ್ರಾಂ ತಿನ್ನಬೇಕು. ಎಣ್ಣೆ ನುಂಗಿದ್ದು ಗೊತ್ತೇ ಆಗುವುದಿಲ್ಲ, 800 ಗ್ರಾಂ ಸೌತೆ ತಿಂದವನು ಎದ್ದು ನಿಲ್ಲಲು ಯೋಚಿಸುತ್ತಾನೆ.

ತಜ್ಞರು ಇದನ್ನು ಶಕ್ತಿ ಸಾಂದ್ರತೆ ಎನ್ನುತ್ತಾರೆ, ಒಂದು ತುತ್ತಿನಲ್ಲಿ ಎಷ್ಟು ಕ್ಯಾಲೊರಿ ತುಂಬಿದೆ ಎಂಬ ಅಳತೆ. ನೀರು ಮತ್ತು ನಾರು ಹೆಚ್ಚಿದ್ದಷ್ಟೂ ಅದು ಕಡಿಮೆ: ತರಕಾರಿ, ಸೊಪ್ಪು, ಹಣ್ಣು, ಬೇಯಿಸಿದ ಕಾಳು. ಕೊಬ್ಬು ಮತ್ತು ಸಕ್ಕರೆ ಹೆಚ್ಚಿದ್ದು ನೀರು ಕಡಿಮೆಯಿದ್ದಷ್ಟೂ ಅದು ಹೆಚ್ಚು: ಕರಿದದ್ದು, ಬಿಸ್ಕತ್ತು, ಚಾಕೊಲೇಟು. 1995ರಲ್ಲಿ ಸಿಡ್ನಿಯ ಸಂಶೋಧಕರು 38 ಆಹಾರಗಳನ್ನು ತಲಾ 240 ಕ್ಯಾಲೊರಿಯಷ್ಟು ಕೊಟ್ಟು ಯಾವುದು ಎಷ್ಟು ಹೊತ್ತು ಹಸಿವು ತಡೆಯುತ್ತದೆ ಎಂದು ಅಂಕ ಹಾಕಿದರು. ಬಿಳಿ ಬ್ರೆಡ್‌ಗೆ 100 ಅಂಕ ಎಂದಿಟ್ಟುಕೊಂಡರೆ ಬೆಣ್ಣೆ ತುಂಬಿದ ಕ್ರೊಸಾಂ ಬ್ರೆಡ್‌ಗೆ 47. ಎಲ್ಲಕ್ಕಿಂತ ಮೇಲೆ ಬಂದದ್ದು, 323 ಅಂಕ ಪಡೆದು, ಬರೀ ಬೇಯಿಸಿದ ಆಲೂಗಡ್ಡೆ. “ಆಲೂಗಡ್ಡೆ ತಿಂದರೆ ದಪ್ಪ ಆಗ್ತೀರಿ” ಎಂದು ಹೆದರಿಸುವವರು ಅದೇ ಆಲೂಗಡ್ಡೆ ಎಣ್ಣೆಗೆ ಬಿದ್ದ ಮೇಲಿನ ಕತೆಯನ್ನು ಹೇಳುತ್ತಿರುತ್ತಾರೆ.

ಪ್ರೋಟೀನಿಗೆ ಎರಡು ಕೈ. ಒಂದು, ಅಷ್ಟೇ ಕ್ಯಾಲೊರಿಯ ಬೇರೆ ಆಹಾರಕ್ಕಿಂತ ಹೆಚ್ಚು ಹೊತ್ತು ಹಸಿವು ತಡೆಯುತ್ತದೆ. ಎರಡು, ಅದನ್ನು ಅರಗಿಸಲು ದೇಹಕ್ಕೇ ಖರ್ಚು ಜಾಸ್ತಿ: ಪ್ರೋಟೀನಿನಿಂದ ಬಂದ 100 ಕ್ಯಾಲೊರಿಯಲ್ಲಿ 20ರಿಂದ 30 ಅರಗಿಸುವ ಕೂಲಿಗೇ ಹೋಗುತ್ತದೆ. ಪಿಷ್ಟಕ್ಕೆ ಈ ಕೂಲಿ 5ರಿಂದ 10, ಕೊಬ್ಬಿಗೆ ಹೆಚ್ಚೆಂದರೆ 3. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಕಾಳು, ಮೊಟ್ಟೆ, ಮೊಸರು, ಮೀನಿನಂಥವು ಊಟದಲ್ಲಿ ಸಾಕಷ್ಟಿದ್ದರೆ ಆ ನಷ್ಟ ತಗ್ಗುತ್ತದೆ.

ಕುಡಿಯುವ ಕ್ಯಾಲೊರಿ ಮಾತ್ರ ಬೇರೆಯೇ ಜಾತಿ. 2000ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 15 ಜನರಿಗೆ 4 ವಾರ ದಿನಕ್ಕೆ 450 ಕ್ಯಾಲೊರಿಯಷ್ಟು ಸಿಹಿ ಪಾನೀಯ, ಇನ್ನು 4 ವಾರ ಅಷ್ಟೇ ಕ್ಯಾಲೊರಿಯ ಜೆಲ್ಲಿ ಮಿಠಾಯಿ ಕೊಟ್ಟರು. ಮಿಠಾಯಿ ತಿಂದಾಗ ಅವರು ತಾವಾಗಿಯೇ ಉಳಿದ ಊಟ ಕಡಿಮೆ ಮಾಡಿದರು. ಪಾನೀಯ ಕುಡಿದಾಗ ಊಟ ಎಂದಿನಷ್ಟೇ ನಡೆಯಿತು, 450 ಮೇಲಿಂದ ಸೇರಿಕೊಂಡಿತು. ಬಾಯಿ ಅಗಿಯದ್ದನ್ನು ಮಿದುಳು ಊಟವೆಂದು ಒಪ್ಪುವುದಿಲ್ಲವೇನೋ. ಸಿಹಿ ಪಾನೀಯವನ್ನು ನೀರಿಗೆ ಬದಲಿಸುವುದು ಬಹಳ ಜನರಿಗೆ ಅತಿ ಕಡಿಮೆ ನೋವಿನ ಬದಲಾವಣೆ ಆಗುವುದು ಇದಕ್ಕೇ.

ಇವೆಲ್ಲವನ್ನೂ ಒಂದೇ ಕಡೆ ಕಾಣಬೇಕಾದರೆ 2019ರ ಅಮೆರಿಕದ ಪ್ರಯೋಗ ನೋಡಬೇಕು. ಕೆವಿನ್ ಹಾಲ್ ಎಂಬ ಸಂಶೋಧಕರ ತಂಡ 20 ಜನರನ್ನು 4 ವಾರ ಆಸ್ಪತ್ರೆಯಲ್ಲೇ ಇರಿಸಿಕೊಂಡು 2 ವಾರ ಕಾರ್ಖಾನೆಯಲ್ಲಿ ಬಹಳವಾಗಿ ಸಂಸ್ಕರಿಸಿದ ಆಹಾರ, 2 ವಾರ ಮನೆಯಡುಗೆಯಂಥ ಆಹಾರ ಕೊಟ್ಟಿತು. ಎರಡೂ ತಟ್ಟೆಗಳಲ್ಲಿಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಸಮವಾಗಿರುವಂತೆ ನೋಡಿಕೊಂಡಿದ್ದರು. ಬೇಕಾದಷ್ಟು ತಿನ್ನಿ ಎಂದಿದ್ದರು. ಸಂಸ್ಕರಿಸಿದ ಆಹಾರದ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದು, 2 ವಾರಕ್ಕೆ 0.9 ಕೆಜಿ ಏರಿದರು. ಇನ್ನೊಂದರಲ್ಲಿ ಅಷ್ಟೇ ಇಳಿದರು. ಯಾರೂ ಅವರಿಗೆ ಬಾಯಿ ಕಟ್ಟಲು ಹೇಳಿರಲಿಲ್ಲ. ಮೆತ್ತಗಿನ, ಒತ್ತಾಗಿ ಕ್ಯಾಲೊರಿ ತುಂಬಿದ ಆಹಾರವನ್ನು ಅವರು ವೇಗವಾಗಿ ತಿಂದಿದ್ದರು ಎಂಬುದನ್ನೂ ತಂಡ ಗಮನಿಸಿತು.

## ಯಾವ ಡಯಟ್ ಒಳ್ಳೆಯದು

ಕೊಬ್ಬು ಕಡಿಮೆಯದೋ, ಪಿಷ್ಟ ಕಡಿಮೆಯದೋ? 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 609 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ಹಿಂಬಾಲಿಸಿದ ಫಲಿತಾಂಶ ಪ್ರಕಟಿಸಿದರು. ಕೊಬ್ಬು ಕಡಿಮೆ ತಿಂದವರು ಸರಾಸರಿ 5.3 ಕೆಜಿ, ಪಿಷ್ಟ ಕಡಿಮೆ ತಿಂದವರು 6 ಕೆಜಿ ಇಳಿದಿದ್ದರು. ಗಮನಾರ್ಹ ವ್ಯತ್ಯಾಸವೇ ಇಲ್ಲ. ಆದರೆ ಪ್ರತಿ ಗುಂಪಿನೊಳಗೆ ಆಕಾಶ ಭೂಮಿಯ ಅಂತರವಿತ್ತು: ಕೆಲವರು 25 ಕೆಜಿಗೂ ಹೆಚ್ಚು ಇಳಿದಿದ್ದರೆ ಕೆಲವರು ಏರಿದ್ದರು. ಡಯಟಿನ ಹೆಸರಿಗಿಂತ ಅದು ಯಾರಿಗೆ ಒಗ್ಗಿತು ಎಂಬುದೇ ದೊಡ್ಡದಾಯಿತು.

ಹೊತ್ತು ನೋಡಿ ತಿನ್ನುವುದರ ಕತೆಯೂ ಇದೇ. ಚೀನಾದಲ್ಲಿ 139 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಲ್ಲರಿಗೂ ಕ್ಯಾಲೊರಿ ಮಿತಿಯಿತ್ತು. ಒಂದು ಗುಂಪು ಬೆಳಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ತಿನ್ನಬೇಕಿತ್ತು. ವರ್ಷದ ಕೊನೆಗೆ ಆ ಗುಂಪು 8 ಕೆಜಿ, ಇನ್ನೊಂದು 6.3 ಕೆಜಿ ಇಳಿದಿತ್ತು. ಆಕಸ್ಮಿಕವಾಗಿಯೂ ಬರಬಹುದಾದಷ್ಟು ಅಂತರ ಅದು. ರಾತ್ರಿ ಟಿವಿ ಮುಂದೆ ಕುರುಕುವ ಚಟವಿದ್ದವರಿಗೆ ಸಂಜೆಯೇ ಅಡುಗೆಮನೆಗೆ ಬೀಗ ಹಾಕುವ ನಿಯಮ ಚೆನ್ನಾಗಿ ಕೆಲಸ ಮಾಡೀತು. ಗಡಿಯಾರಕ್ಕೆ ತನ್ನದೇ ಆದ ಮಂತ್ರಶಕ್ತಿ ಇರುವಂತೆ ಕಾಣುವುದಿಲ್ಲ.

## ತೂಕ ನಿಂತುಬಿಡುವುದು ಏಕೆ

ನೆನಪಿಟ್ಟುಕೊಳ್ಳಿ ಎಂದಿದ್ದ ಅಂಕಿಗೆ ಬರೋಣ. 80 ಕೆಜಿಯ ಆ ಗಂಡಸು ದಿನಕ್ಕೆ 2,300 ಖರ್ಚು ಮಾಡುತ್ತಿದ್ದ, 1,800ಕ್ಕೆ ಇಳಿದ, ಕೊರತೆ 500. ಹತ್ತು ಕೆಜಿ ಇಳಿದು 70ಕ್ಕೆ ಬಂದ ಮೇಲೆ ಅವನ ಬಿಎಂಆರ್ 100 ಕಡಿಮೆ. ಹೊತ್ತು ತಿರುಗುವ ಭಾರವೂ ಇಳಿದಿದೆ, ಆದ್ದರಿಂದ ನಡೆಯುವ ಖರ್ಚೂ ಕಡಿಮೆ. ಅದೇ 1,800 ತಿಂದರೂ ಕೊರತೆ ಈಗ 360ರ ಆಸುಪಾಸು. ಚಿಕ್ಕ ಗಾಡಿಗೆ ಕಡಿಮೆ ಪೆಟ್ರೋಲ್ ಸಾಕು, ಅಷ್ಟೇ ಸಂಗತಿ.

ದಿನಕ್ಕೆ 500ರಂತೆ ವರ್ಷಕ್ಕೆ 24 ಕೆಜಿ ಇಳಿಯಬೇಕು ಎಂಬ ಹಳೆಯ ಲೆಕ್ಕ ತಪ್ಪುವುದು ಇಲ್ಲೇ. 2011ರಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ಕೊಟ್ಟ ತಿದ್ದಿದ ಅಂದಾಜಿನ ಪ್ರಕಾರ ದಿನಕ್ಕೆ 24 ಕ್ಯಾಲೊರಿಯಷ್ಟು ಶಾಶ್ವತ ಕಡಿತಕ್ಕೆ ಕೊನೆಗೆ 1 ಕೆಜಿ ಇಳಿಯುತ್ತದೆ. ಅದರಲ್ಲಿ ಅರ್ಧ ಮೊದಲ ವರ್ಷ, ಹೆಚ್ಚುಕಡಿಮೆ ಉಳಿದದ್ದೆಲ್ಲ ಮೂರು ವರ್ಷದೊಳಗೆ. 500 ಕಡಿತಕ್ಕೆ ಮೊದಲ ವರ್ಷ 10 ಕೆಜಿ ಚಿಲ್ಲರೆ. ಇದು ದೇಹ ‘ಹಠ ಮಾಡಿದ್ದು’ ಅಲ್ಲ, ಕೂಡು-ಕಳೆ.

ಇದಕ್ಕಿಂತ ದೊಡ್ಡ ಕಾರಣ ಮತ್ತೆ ಹಸಿವೇ. ಒಂದು ಬಗೆಯ ಸಕ್ಕರೆ ಕಾಯಿಲೆಯ ಮಾತ್ರೆ ತಿಂದವರ ಮೂತ್ರದಲ್ಲಿ ದಿನವೂ ಸಕ್ಕರೆ ಹೊರಹೋಗುತ್ತದೆ, ಅದರೊಂದಿಗೆ ಕ್ಯಾಲೊರಿಯೂ. ತಿನ್ನುವವರಿಗೆ ಅದು ಗೊತ್ತಾಗುವುದಿಲ್ಲ. ಅಂಥವರ ತೂಕದ ಏರಿಳಿತ ಹಿಡಿದು 2016ರಲ್ಲಿ ಸಂಶೋಧಕರು ಹಿಂದಕ್ಕೆ ಲೆಕ್ಕ ಹಾಕಿದರು. ಇಳಿದ ಪ್ರತಿ ಕೆಜಿಗೆ ದೇಹದ ಖರ್ಚು ದಿನಕ್ಕೆ 20ರಿಂದ 30 ಕ್ಯಾಲೊರಿ ತಗ್ಗಿದರೆ, ಹಸಿವು ಸುಮಾರು 100 ಕ್ಯಾಲೊರಿಯಷ್ಟು ಏರುತ್ತಿತ್ತು. ಡಯಟ್ ಮಾಡುತ್ತಿದ್ದೇವೆ ಎಂಬ ಅರಿವೇ ಇಲ್ಲದವರು, ಹೆಚ್ಚು ತಿನ್ನುತ್ತಿದ್ದೇವೆ ಎಂಬ ಅರಿವೂ ಇಲ್ಲದೆ ಹೆಚ್ಚು ತಿಂದಿದ್ದರು. ಮೆಲ್ಬರ್ನ್‌ನ ತಂಡವೊಂದು 2011ರಲ್ಲಿ ತೋರಿಸಿದಂತೆ, 10 ವಾರ ತೀರಾ ಕಡಿಮೆ ತಿಂದು ತೂಕ ಇಳಿಸಿದವರಲ್ಲಿ ಹಸಿವಿನ ಹಾರ್ಮೋನುಗಳು ಒಂದು ವರ್ಷದ ನಂತರವೂ ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ.

ಹಸಿವನ್ನು ಮಿತಿಮೀರಿ ತಳ್ಳಿದರೆ ಏನಾಗುತ್ತದೆ ಎಂಬುದಕ್ಕೆ ಎರಡನೇ ಮಹಾಯುದ್ಧದ ಕೊನೆಯ ದಿನಗಳಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗವಿದೆ. 36 ಆರೋಗ್ಯವಂತ ಯುವಕರು ತಾವಾಗಿ ಮುಂದೆ ಬಂದು 24 ವಾರ ಅರೆಹೊಟ್ಟೆಯಲ್ಲಿದ್ದು ತೂಕದ ಕಾಲು ಭಾಗ ಕಳೆದುಕೊಂಡರು. ತಟ್ಟೆ ನೆಕ್ಕುತ್ತಿದ್ದರು, ಅಡುಗೆ ಪುಸ್ತಕಗಳನ್ನು ಕೂಡಿಟ್ಟು ಓದುತ್ತಿದ್ದರು, ಊಟ ಬಿಟ್ಟರೆ ಬೇರೆ ಮಾತಿರಲಿಲ್ಲ. ಕಟ್ಟುನಿಟ್ಟಿನ ಡಯಟ್ ಹಿಡಿದವರು ರಾತ್ರಿ ಹನ್ನೊಂದಕ್ಕೆ ಅಡುಗೆಯ ವಿಡಿಯೊ ನೋಡುತ್ತ ಕೂರುವುದು ಅದರದೇ ತಮ್ಮ.

ಇನ್ನೊಂದು ಕಾರಣ ಹೇಳಲು ಸ್ವಲ್ಪ ಮುಜುಗರ. ನಾವು ತಿಂದದ್ದನ್ನು ನಾವು ಕಡಿಮೆ ಬರೆಯುತ್ತೇವೆ. “ಎಷ್ಟು ಬಾಯಿ ಕಟ್ಟಿದರೂ ಇಳಿಯುತ್ತಿಲ್ಲ” ಎನ್ನುವವರನ್ನು 1992ರ ಒಂದು ಅಧ್ಯಯನ ಪರೀಕ್ಷಿಸಿತು. ವಿಶೇಷ ಗುರುತಿನ ಪರಮಾಣುಗಳಿದ್ದ ನೀರು ಕುಡಿಸಿ ದೇಹದ ನಿಜ ಖರ್ಚು ಅಳೆಯಿತು. ಅವರ ಚಯಾಪಚಯ ಸರಿಯಾಗಿಯೇ ಇತ್ತು, ತಿಂದದ್ದರ ಅರ್ಧದಷ್ಟನ್ನು ಮಾತ್ರ ಬರೆದಿದ್ದರು. ಬೇಕೆಂದೇ ಅಲ್ಲ. ನನ್ನ 31 ಗ್ರಾಂ ಎಣ್ಣೆಯೂ ಡೈರಿಯಲ್ಲಿ “1 ಚಮಚ” ಎಂದೇ ಇರುತ್ತಿತ್ತು.

## ಹಾಗಾದರೆ ಆ ಚುಚ್ಚುಮದ್ದು

ಸೆಮಾಗ್ಲುಟೈಡ್‌ನಂಥ ಔಷಧಗಳು ಕೊಬ್ಬನ್ನು ಕರಗಿಸುವುದಿಲ್ಲ. ಊಟವಾದ ಮೇಲೆ ಕರುಳು ಕಳಿಸುವ ಜಿಎಲ್‌ಪಿ-1 ಎಂಬ “ಸಾಕು” ಹಾರ್ಮೋನಿನ ನಕಲು ಅವು. ಅಸಲಿ ಹಾರ್ಮೋನು ನಿಮಿಷಗಳಲ್ಲಿ ಮಾಯವಾದರೆ ನಕಲು ವಾರಗಟ್ಟಲೆ ನಿಲ್ಲುತ್ತದೆ. ಹಸಿವು ತಗ್ಗುತ್ತದೆ, ಜನ ಕಡಿಮೆ ತಿನ್ನುತ್ತಾರೆ, ಕೊರತೆ ಉಂಟಾಗುತ್ತದೆ. ಬಾಗಿಲು ಅದೇ. 2021ರ ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಶೇ 14.9ರಷ್ಟು ತೂಕ ಇಳಿಯಿತು. ನಿಲ್ಲಿಸಿ ಒಂದು ವರ್ಷವಾದಾಗ, ಇಳಿದದ್ದರ ಮೂರನೇ ಎರಡು ಭಾಗ ವಾಪಸ್ ಬಂದಿತ್ತು. ಡಯಟ್ ಬಿಟ್ಟವರಿಗೆ ಆಗುವುದೂ ಇದೇ. ಹಸಿವು ಎರಡು ಕಡೆಯೂ ಒಂದೇ ಹಸಿವು.

## ನಡಿಗೆ, ನಿದ್ದೆ

70 ಕೆಜಿಯವರು ಒಂದು ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 300 ಕ್ಯಾಲೊರಿ. ಬಾಣಲೆಗೆ ಬಿದ್ದ ನನ್ನ ಎಣ್ಣೆಯಷ್ಟು! ವ್ಯಾಯಾಮ ಒಂದರಿಂದಲೇ ತೂಕ ಇಳಿಸುವುದು ಕಷ್ಟವಾಗುವುದು ಹೀಗೆ. ಆದರೆ ಇಳಿದದ್ದನ್ನು ಉಳಿಸಿಕೊಳ್ಳುವಾಗ ಅದರ ಬೆಲೆ ಗೊತ್ತಾಗುತ್ತದೆ. ಅಮೆರಿಕದಲ್ಲಿ 1994ರಿಂದ, ಕನಿಷ್ಠ 13.6 ಕೆಜಿ ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರ ದಾಖಲೆ ಇಡುತ್ತಿದ್ದಾರೆ. ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ದಿನಕ್ಕೆ ಸರಾಸರಿ ಒಂದು ಗಂಟೆ ವ್ಯಾಯಾಮ ಮಾಡುವವರು, ನಾಲ್ಕಕ್ಕೆ ಮೂವರು ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುವವರು. ಭಾರ ಎತ್ತುವ ವ್ಯಾಯಾಮ ಸ್ನಾಯು ಉಳಿಸುತ್ತದೆ.

ನಿದ್ದೆಯೂ ಊಟದ ಅಭ್ಯಾಸಕ್ಕೇ ಸೇರಿದ್ದು ಎನ್ನಬಹುದು. ಕಡಿಮೆ ಮಲಗುತ್ತಿದ್ದ 80 ಜನರ 2022ರ ಅಧ್ಯಯನದಲ್ಲಿ, ರಾತ್ರಿ ಒಂದು ಗಂಟೆಗೂ ತುಸು ಹೆಚ್ಚು ನಿದ್ದೆ ಮಾಡಿಸಿದಾಗ ಅವರು ತಾವಾಗಿಯೇ ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆ ತಿಂದಿದ್ದರು.

## ಎಷ್ಟು ಇಳಿದರೆ ಸಾಕು, ಯಾರು ಹುಷಾರಾಗಿರಬೇಕು

ಕನ್ನಡಿಗೆ ಸಾಕಾಗದ ಇಳಿಕೆ ರಕ್ತಕ್ಕೆ ಸಾಕಾಗುತ್ತದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3,234 ಜನರ ಅಧ್ಯಯನವೊಂದು ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾಯಿತು. ತೂಕದ ಶೇ 7 ಇಳಿಸುವುದು ಮತ್ತು ವಾರಕ್ಕೆ 150 ನಿಮಿಷ ಚಟುವಟಿಕೆ ಎಂಬ ಗುರಿ ಪಡೆದ ಗುಂಪಿನಲ್ಲಿ ಕಾಯಿಲೆ ಬರುವ ಸಾಧ್ಯತೆ ಶೇ 58ರಷ್ಟು ತಗ್ಗಿತ್ತು. 80 ಕೆಜಿಯವರಿಗೆ ಶೇ 7 ಎಂದರೆ ಐದೂವರೆ ಕೆಜಿ.

ತೀರಾ ವೇಗವಾಗಿ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವಿದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಔಷಧದ ಪ್ರಮಾಣ ಬದಲಿಸದೆ ಊಟ ಕಡಿತ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಬೀಳಬಹುದು. ಡಾಕ್ಟರಿಗೆ ಹೇಳಿಯೇ ಶುರು ಮಾಡಬೇಕು. ಬಸುರಿಯರು, ಬೆಳೆಯುವ ಮಕ್ಕಳು, ಹಿಂದೆ ಊಟದ ವಿಷಯದಲ್ಲಿ ಮಾನಸಿಕ ತೊಂದರೆ ಅನುಭವಿಸಿದವರಿಗೆ ಇಲ್ಲಿಯ ಲೆಕ್ಕಗಳು ಅನ್ವಯಿಸುವುದಿಲ್ಲ. ಬಾಯಿ ಕಟ್ಟದೆಯೂ ತೂಕ ಇಳಿಯುತ್ತಿದ್ದರೆ ಸಂತೋಷಪಡುವ ಮುಂಚೆ ಪರೀಕ್ಷೆ ಮಾಡಿಸಬೇಕು.

## ಅಭ್ಯಾಸ ಆಗುವುದಕ್ಕೆ ಎಷ್ಟು ದಿನ

21 ದಿನ ಎಂದು ಎಲ್ಲರೂ ಹೇಳುತ್ತಾರೆ. ಲಂಡನ್ನಿನಲ್ಲಿ 96 ಜನರನ್ನು ಹಿಂಬಾಲಿಸಿದ ಅಧ್ಯಯನದಲ್ಲಿ ಊಟದ ಜೊತೆ ಹಣ್ಣು ತಿನ್ನುವಂಥ ಚಿಕ್ಕ ಕೆಲಸಗಳು ಯೋಚನೆಯಿಲ್ಲದೆ ತಾವಾಗಿಯೇ ನಡೆಯುವಂತಾಗಲು ಹಿಡಿದದ್ದು 18 ದಿನಗಳಿಂದ 254 ದಿನಗಳವರೆಗೆ. ನಡುವಿನ ಅಂಕಿ 66. ಮೂರನೇ ವಾರಕ್ಕೇ ಫೋನ್ ಮಾಡಿದ ಗೆಳೆಯನಿಗೆ ಇದನ್ನು ಹೇಳಿದೆ. “ಮೊನ್ನೆ ಒಂದು ದಿನ ತಪ್ಪಿಹೋಯಿತಲ್ಲ, ಮತ್ತೆ ಒಂದರಿಂದ ಎಣಿಸಬೇಕಾ?” ಎಂದ. ಆ ಅಧ್ಯಯನದಲ್ಲಿ ಅದಕ್ಕೂ ಉತ್ತರವಿತ್ತು: ಒಂದು ದಿನ ತಪ್ಪಿಸಿದವರಿಗೆ ಅಭ್ಯಾಸ ಕೂಡಿಬರುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಿರಲಿಲ್ಲ.